ಹಿತ್ತಿಲಲ್ಲಿ ಕೋಯಿ ಕೊಳ: ಗುಂಡಿ ತೋಡುವ ಮೊದಲು ಫಿಲ್ಟರಿನ ಲೆಕ್ಕ ಹಾಕಿ

ಅಂಗಡಿಯಲ್ಲಿ ಕೋಯಿ ಮೀನಿನ ಮರಿ ಬೆರಳುದ್ದ ಇರುತ್ತದೆ. ಬಣ್ಣ ನೋಡಿ ಆಸೆಯಾಗಿ ನಾಲ್ಕು ಜೋಡಿ ತಂದು, ಹಿತ್ತಿಲಲ್ಲಿ ಎರಡಡಿ ಗುಂಡಿ ತೋಡಿ, ಸಿಮೆಂಟ್ ಬಳಿದು ಬಿಡುವವರಿದ್ದಾರೆ. ತಿಂಗಳೊಳಗೆ ನೀರು ಹಸಿರಾಗುತ್ತದೆ, ಮೀನು ಒಂದೊಂದಾಗಿ ಸತ್ತು ತೇಲುತ್ತವೆ. ಬೈಗುಳ ಅಂಗಡಿಯವನಿಗೆ. ಆದರೆ ಹೆಚ್ಚಿನ ಸಲ ತಪ್ಪು ಮೀನಿನದಲ್ಲ, ಕೊಳದ್ದು.

ಕೋಯಿ ಎಂದರೆ ಬಣ್ಣದ ಕಾಮನ್ ಕಾರ್ಪ್. ಜಪಾನಿನ ನೀಗಾಟ ಕಡೆಯ ಭತ್ತದ ರೈತರು ಊಟಕ್ಕೆ ಸಾಕುತ್ತಿದ್ದ ಮೀನಿನಲ್ಲಿ ಬಣ್ಣದವನ್ನು ಆರಿಸಿ 19ನೇ ಶತಮಾನದಲ್ಲಿ ಬೆಳೆಸಿದ ತಳಿ ಇದು. 1914ರ ಟೋಕಿಯೊ ಪ್ರದರ್ಶನದ ಬಳಿಕ ಹೆಸರಾಯಿತು. ಚೆನ್ನಾಗಿ ಸಾಕಿದರೆ ಎರಡಡಿ ಉದ್ದ ಬೆಳೆದು, ದಶಕಗಳ ಕಾಲ ಬದುಕುತ್ತದೆ. ಕೊಳ ಕಟ್ಟಬೇಕಾದ್ದು ಇವತ್ತಿನ ಮರಿಗಲ್ಲ, ನಾಳೆಯ ಆ ದೊಡ್ಡ ಮೀನಿಗೆ.

ಒಣ ಊರಿನ ಪಾಠ

ಕೊಳಕ್ಕೆ ಅತ್ಯಂತ ಕಷ್ಟದ ಜಾಗ ಯಾವುದೆಂದರೆ ಮಹಾರಾಷ್ಟ್ರದ ಗಡಿಯ ಅಕ್ಕಲಕೋಟ, ಸೊಲ್ಲಾಪುರದಂಥ ಊರು. ಮನೆಮನೆಯಲ್ಲಿ ಕನ್ನಡ ಕೇಳುವ ಈ ಸೀಮೆಯಲ್ಲಿ ಮಂಗಳೂರಿನ ಮಳೆಯ ಕಾಲುಭಾಗವೂ ಬೀಳುವುದಿಲ್ಲ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅಲ್ಲಿ ನಿಲ್ಲುವ ಕೊಳ ಎಲ್ಲಿಯೂ ನಿಂತೀತು.

ಮೊದಲ ತೊಂದರೆ ಎರೆಮಣ್ಣು. ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆ. ಕಬ್ಬಿಣ ಹಾಕದೆ ಬರೀ ಇಟ್ಟಿಗೆ ಸಿಮೆಂಟಿನಲ್ಲಿ ಕಟ್ಟಿದ ತೊಟ್ಟಿ ಒಂದೆರಡು ಬೇಸಿಗೆಯಲ್ಲಿ ಸೀಳುವುದು ಇದರಿಂದಲೇ. ಉಪಾಯ ಅಲ್ಲಿನ ರೈತರ ಹೊಲದಲ್ಲೇ ಇದೆ. ಮಹಾರಾಷ್ಟ್ರ ಸರಕಾರ 2016ರಲ್ಲಿ ಕೇಳಿದವರಿಗೆಲ್ಲ ಕೃಷಿ ಹೊಂಡ ಕೊಡುವ ಯೋಜನೆ ತಂದಿತು. ದ್ರಾಕ್ಷಿ, ದಾಳಿಂಬೆ ಬೆಳೆಗಾರರ ಇಂಥ ಹೊಂಡಗಳಿಗೆ 500 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ಮಣ್ಣು ಅಲುಗಿದರೂ ಹಾಳೆ ಬಾಗುತ್ತದೆ, ಬಿರಿಯುವುದಿಲ್ಲ. ಹಿತ್ತಿಲ ಕೊಳಕ್ಕೂ ಇದೇ ಸರಿ. ಗುಂಡಿಯ ಚೂಪು ಕಲ್ಲು ತೆಗೆದು, ಗರಸು ತುಂಬಿ ಬಡಿದು, ದಪ್ಪ ಬಟ್ಟೆ ಹಾಸಿದ ಮೇಲೆ ಹಾಳೆ ಹಾಕಬೇಕು.

ಸಿಮೆಂಟೇ ಬೇಕೆಂದರೆ ಕಬ್ಬಿಣದ ಕಾಂಕ್ರೀಟ್ ಆಗಬೇಕು. ಹೊಸ ಸಿಮೆಂಟಿನ ಸುಣ್ಣ ಮೀನಿಗೆ ಆಗದು. ಎರಡು ಮೂರು ಸಲ ನೀರು ತುಂಬಿ ಖಾಲಿ ಮಾಡಿ, ಪಿಎಚ್ ನೋಡಿಯೇ ಮೀನು ಬಿಡಬೇಕು.

ಅಳತೆಯ ಲೆಕ್ಕ

10 ಅಡಿ ಉದ್ದ, 8 ಅಡಿ ಅಗಲ, ನಾಲ್ಕೂವರೆ ಅಡಿ ಆಳ ಎಂದರೆ ಸುಮಾರು 10,000 ಲೀಟರ್ ನೀರು. ಒಂದು ಮೀನಿಗೆ 1,000 ಲೀಟರ್ ಹಿಡಿದರೆ ಹತ್ತು ಮೀನು, ಅಷ್ಟೇ. ಹಾಳೆಯ ಅಳತೆ ಹೀಗೆ: ಉದ್ದಕ್ಕೆ ಎರಡು ಬದಿಯ ಆಳ 9 ಅಡಿ, ಅಂಚಿಗೆ 2 ಅಡಿ ಸೇರಿಸಿದರೆ 21 ಅಡಿ, ಅಗಲಕ್ಕೆ ಹಾಗೆಯೇ 19 ಅಡಿ. ಆಳ ಕಡಿಮೆ ಮಾಡಿ ದುಡ್ಡು ಉಳಿಸಬಾರದು. ಆಳವಿಲ್ಲದ ನೀರು ಬೇಗ ಕಾಯುತ್ತದೆ, ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಕರಗಿದರೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಹಾಗಾಗಿ ಮೇಲೊಂದು ನೆರಳಿನ ಬಲೆ, ಒಳಗೊಂದು ಏರ್ ಪಂಪ್ ಬೇಕೇ ಬೇಕು.

ಕೊಳದ ಜೀವ ಫಿಲ್ಟರ್

ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ. ಕಣ್ಣಿಗೆ ಕಾಣದ ವಿಷ ಅದು. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ಅಷ್ಟೇನೂ ತೊಂದರೆ ಕೊಡದ ನೈಟ್ರೇಟ್ ಮಾಡುತ್ತದೆ. ಈ ಬ್ಯಾಕ್ಟೀರಿಯಾಗಳಿಗೆ ಕಟ್ಟಿಕೊಡುವ ಮನೆಯೇ ಫಿಲ್ಟರ್.

ಕೊಳದ ತಳದ ನಡುವೆ ನಾಲ್ಕು ಇಂಚಿನ ಪೈಪ್ ಇಟ್ಟು ನೀರನ್ನು ಮೊದಲು ಒಂದು ತೊಟ್ಟಿಗೆ ತರಬೇಕು. ಅಲ್ಲಿ ಕಸ ತಳಕ್ಕೆ ಕೂರುತ್ತದೆ. ಅಲ್ಲಿಂದ ಎರಡನೇ ತೊಟ್ಟಿಗೆ. ಬ್ಯಾಕ್ಟೀರಿಯಾ ಅಂಟಿಕೊಳ್ಳುವ ಪ್ಲಾಸ್ಟಿಕ್ ಬಿಲ್ಲೆ, ಬ್ರಷ್‌ಗಳು ಇರುವುದು ಇಲ್ಲಿ. ನಂತರ ಪಂಪ್ ನೀರನ್ನು ಕೊಳಕ್ಕೆ ವಾಪಸ್ ಬಿಡುತ್ತದೆ. ಎರಡು ಗಂಟೆಗೊಮ್ಮೆಯಾದರೂ ಇಡೀ ಕೊಳದ ನೀರು ಸುತ್ತಬೇಕು, ಅಂದರೆ ಗಂಟೆಗೆ 5,000 ಲೀಟರಿನ ಪಂಪ್. 100 ವ್ಯಾಟ್‌ನ ಪಂಪ್ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 72 ಯೂನಿಟ್ ಕರೆಂಟ್. ಈ ಖರ್ಚು ತಿಂಗಳು ತಿಂಗಳು ಇದ್ದದ್ದೇ. ಕರೆಂಟ್ ಹೋದಾಗ ಏರ್ ಪಂಪಿಗಾದರೂ ಇನ್ವರ್ಟರ್ ಇರಲಿ.

ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಎರಡೇ ಮೀನು, ಚಿಟಿಕೆ ಆಹಾರ. ನಳದ ನೀರಿನ ಕ್ಲೋರಿನ್ ಮೀನಿನ ಕಿವಿರನ್ನೂ ಈ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಕ್ಲೋರಿನ್ ತೆಗೆದೇ ನೀರು ಬಿಡಬೇಕು.

ನೀರಿನ ಋಣ

ವಾರಕ್ಕೆ ಹತ್ತನೇ ಒಂದು ಪಾಲು ನೀರು ಬದಲಿಸಬೇಕು, ಅಂದರೆ 1,000 ಲೀಟರ್. ಕುಡಿಯುವ ನೀರಿಗೇ ಕಾಯುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಆದರೆ ಈ ನೀರು ಗಿಡಕ್ಕೆ ಗೊಬ್ಬರ. ತೆಂಗು, ಕರಿಬೇವು, ತರಕಾರಿಗೆ ಹರಿಸಿದರೆ ಒಂದೇ ನೀರು ಎರಡು ಕೆಲಸ ಮಾಡುತ್ತದೆ. ಹಾಗೆ ಬಳಸುವ ತೋಟ, ಮಳೆನೀರು ಹಿಡಿಯುವ ಟ್ಯಾಂಕ್ ಇಲ್ಲದವರು ಕೊಳ ಕಟ್ಟದಿರುವುದೇ ಒಳ್ಳೆಯದು.

ಕರಾವಳಿಯಲ್ಲಿ ಸಮಸ್ಯೆ ಉಲ್ಟಾ. ಜೂನ್‌ನ ಒಂದೇ ಮಳೆಗೆ ಕೊಳ ತುಂಬಿ ಮೀನು ಚರಂಡಿಗೆ ಹೋದೀತು. ಅಕ್ಕಲಕೋಟದ ಕಡೆ ಹರಿಯುವ ಬೋರಿ ನದಿಗೆ ಮೇಲೆ ನಳದುರ್ಗದ ಕೋಟೆಯಲ್ಲಿ ಆದಿಲ್‌ಶಾಹಿ ಕಾಲದಲ್ಲಿ, 1613ರಲ್ಲಿ, ಕಟ್ಟಿದ ಅಣೆಕಟ್ಟಿನಲ್ಲೂ ಹೆಚ್ಚಿನ ನೀರು ಧುಮುಕಲು ದಾರಿ ಇಟ್ಟಿದ್ದಾರೆ. ಹಿತ್ತಿಲ ಕೊಳಕ್ಕೂ ಜಾಲರಿ ಹಾಕಿದ ಅಂಥದ್ದೊಂದು ದಾರಿ ಬೇಕು. ಕೊಳದ ಅಂಚು ನೆಲಕ್ಕಿಂತ ಒಂದೂವರೆ ಅಡಿ ಮೇಲಿದ್ದರೆ ಅಂಗಳದ ಕೊಳೆನೀರು ಒಳಗೆ ಬಾರದು.

ಸಣ್ಣ ಮಕ್ಕಳಿರುವ ಮನೆಯಲ್ಲಿ ಮೀನು ತರುವ ಮೊದಲೇ ಬೇಲಿ, ಬೀಗವಿರುವ ಗೇಟು ಆಗಲೇಬೇಕು. ನಾಲ್ಕೂವರೆ ಅಡಿ ನೀರು ಮಗುವಿಗೆ ಬಾವಿ ಇದ್ದ ಹಾಗೆ.

ಸಾಕಲು ಆಗದೇ ಹೋದರೆ ಮೀನನ್ನು ಹೊಳೆಗೋ ಕೆರೆಗೋ ಬಿಡಬಾರದು. ಕೆಸರು ಕೆದಕಿ ಊರಿನ ಮೀನುಗಳ ನೆಲೆ ಕೆಡಿಸುವ ಜಾತಿ ಇದು. ಸಾಕುವ ಇನ್ನೊಬ್ಬರಿಗೆ ಕೊಟ್ಟುಬಿಡಬೇಕು.

ಇರುವ ದುಡ್ಡಿನಲ್ಲಿ ಮೊದಲು ಫಿಲ್ಟರ್, ಆಮೇಲೆ ಕೊಳ, ಕೊನೆಗೆ ಮೀನು. ಈ ಕ್ರಮ ತಪ್ಪಿಸಿದವರು ಎರಡೆರಡು ಸಲ ಖರ್ಚು ಮಾಡುತ್ತಾರೆ.