ಹಲ್ಲಿನೊಡನೆ ಬೆಸೆಯುವ ಗಾಜು

ಹಲ್ಲು ನೋಯದ ಹೊರತು ದಂತವೈದ್ಯರ ನೆನಪಾಗುವುದು ನಮ್ಮಲ್ಲಿ ಅಪರೂಪ. ನೋವು ಬಂದಾಗಲೂ ಲವಂಗವೊಂದನ್ನು ಕಚ್ಚಿಕೊಂಡು ಬೆಳಗಿನ ಲೋಕಲ್ ಗಾಡಿ ಹಿಡಿಯುವವರೇ ಹೆಚ್ಚು. ಆದರೆ ಹುಳುಕು ಸಣ್ಣದಿರುವಾಗಲೇ ಚಿಕಿತ್ಸೆಗೆ ಹೋಗುವವರಿಗೆ ರಸಾಯನಶಾಸ್ತ್ರವು ಒಂದು ಉತ್ತಮ ಸಾಧನವನ್ನು ಒದಗಿಸಿದೆ. ಅದೇ ಗ್ಲಾಸ್ ಅಯೊನೊಮರ್ ಸಿಮೆಂಟ್.

ಪಾದರಸದೊಡನೆ ಬೆಳ್ಳಿ ಮೊದಲಾದ ಲೋಹಗಳನ್ನು ಬೆರೆಸಿದ ಅಮಾಲ್ಗಂ ಗಟ್ಟಿಯಾದುದು ನಿಜ. ಆದರೆ ಅದು ತಾನಾಗಿ ಹಲ್ಲಿಗೆ ಅಂಟದು. ಅದು ಕಳಚದಂತೆ ಕುಳಿಯ ಒಳಭಾಗವನ್ನು ಅಗಲಿಸಬೇಕು. ಅರ್ಥಾತ್, ಆರೋಗ್ಯವಾದ ಹಲ್ಲನ್ನೂ ಕೊರೆಯಬೇಕು. 1968ರಲ್ಲಿ ಇಂಗ್ಲೆಂಡಿನ ಡೆನಿಸ್ ಸ್ಮಿತ್ ಸತುವಿನ ಆಕ್ಸೈಡನ್ನು ಪಾಲಿಅಕ್ರಿಲಿಕ್ ಆಮ್ಲದೊಡನೆ ಕಲಸಿ, ಹಲ್ಲಿಗೆ ಅಂಟುವ ಸಿಮೆಂಟನ್ನು ಪಡೆದರು. ಅನಂತರ ಲಂಡನ್ನಿನ ಸರ್ಕಾರಿ ರಸಾಯನ ಪ್ರಯೋಗಾಲಯದ ಅಲನ್ ವಿಲ್ಸನ್ ಮತ್ತು ಬ್ರಯಾನ್ ಕೆಂಟ್ ಅವರು ಸತುವಿನ ಆಕ್ಸೈಡಿನ ಬದಲಿಗೆ ಗಾಜಿನ ಪುಡಿಯನ್ನು ಬಳಸಿ, 1972ರಲ್ಲಿ ಈ ಹೊಸ ಸಿಮೆಂಟನ್ನು ದಂತವೈದ್ಯರಿಗೆ ಪರಿಚಯಿಸಿದರು.

ಈ ಗಾಜಿನಲ್ಲಿ ಸಿಲಿಕಾ, ಅಲ್ಯುಮಿನಾಗಳೊಂದಿಗೆ ಕ್ಯಾಲ್ಸಿಯಂ ಮತ್ತು ಫ್ಲೋರೈಡ್ ಸೇರಿರುತ್ತವೆ. ಆಮ್ಲವಾದರೋ ಒಂದು ನೀಳವಾದ ಸಾವಯವ ಸರಪಳಿ. ಅದರ ಉದ್ದಕ್ಕೂ ಋಣ ವಿದ್ಯುದಂಶದ ಕೊಂಡಿಗಳು. ಎರಡನ್ನೂ ಕಲಸಿದೊಡನೆ ಆಮ್ಲವು ಗಾಜಿನ ಹೊರಮೈಯನ್ನು ಕರಗಿಸಿ, ಧನ ವಿದ್ಯುದಂಶವುಳ್ಳ ಕ್ಯಾಲ್ಸಿಯಂ ಹಾಗೂ ಅಲ್ಯುಮಿನಿಯಂ ಅಯಾನುಗಳನ್ನು ಹೊರಗೆಳೆಯುತ್ತದೆ. ಅವು ಸರಪಳಿಗೆ ಸರಪಳಿಯನ್ನು ಬಿಗಿಯುತ್ತವೆ. ಕೆಲವೇ ನಿಮಿಷಗಳಲ್ಲಿ ಕಣಕದಂತಿದ್ದುದು ಕಲ್ಲಾಗುತ್ತದೆ. ಅವೇ ಕೊಂಡಿಗಳು ಹಲ್ಲಿನ ಕ್ಯಾಲ್ಸಿಯಮ್ಮನ್ನೂ ಹಿಡಿದು ನಿಲ್ಲುತ್ತವೆ. ಜೊತೆಗೆ ಈ ಸಿಮೆಂಟು ಫ್ಲೋರೈಡನ್ನು ನಿಧಾನವಾಗಿ ಹೊರಬಿಡುತ್ತದೆ. ಮೊದಮೊದಲು ಅದು ಗಟ್ಟಿಯಾಗಲು ಬಹಳ ಹೊತ್ತು ಬೇಕಾಗುತ್ತಿತ್ತು. ಈ ಕೊರತೆಯನ್ನು ನೀಗಿದುದು ಟಾರ್ಟಾರಿಕ್ ಆಮ್ಲ. ನಮ್ಮ ಸಾರಿಗೆ ಹುಳಿ ಕೊಡುವ ಹುಣಸೆಯಲ್ಲಿರುವುದೂ ಅದೇ!

ಇದಕ್ಕೂ ಮಿತಿಯುಂಟು. ಅಗಿಯುವ ಭಾರವನ್ನೆಲ್ಲ ಹೊರುವ ದೊಡ್ಡ ಕುಳಿಗಳಲ್ಲಿ ಇದು ಸವೆಯಬಹುದು, ಬಿರಿಯಲೂಬಹುದು. ಸಣ್ಣ ಕುಳಿಗಳಿಗೆ, ಮಕ್ಕಳ ಹಾಲುಹಲ್ಲುಗಳಿಗೆ, ವೃದ್ಧರ ಹಲ್ಲಿನ ಬುಡದ ಹುಳುಕಿಗೆ ಇದು ಒಪ್ಪುತ್ತದೆ. 1980ರ ದಶಕದ ಮಧ್ಯಭಾಗದಲ್ಲಿ ಆಫ್ರಿಕಾದ ಟಾಂಜಾನಿಯಾದಲ್ಲಿ, ವಿದ್ಯುತ್ತಿನ ಯಂತ್ರವಿಲ್ಲದೆ ಕೈಯುಪಕರಣಗಳಿಂದಲೇ ಹುಳುಕನ್ನು ಕೆರೆದು ಕುಳಿಯನ್ನು ತುಂಬುವ ವಿಧಾನ ರೂಪುಗೊಂಡಿತು. ಗ್ಲಾಸ್ ಅಯೊನೊಮರ್ ಅದಕ್ಕೆ ಆಧಾರವಾಯಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು.

ವಾಚಕರು ಮುಖ್ಯವಾಗಿ ಗಮನಿಸಬೇಕಾದುದು ಇಷ್ಟು: ಸಿಮೆಂಟು ಹಲ್ಲಿಗೆ ಅಂಟಬೇಕಾದರೆ ಅಂಟಲು ಹಲ್ಲು ಉಳಿದಿರಬೇಕು. ಸುಮಾರು ಆರನೆಯ ವಯಸ್ಸಿನಲ್ಲಿ ಮಕ್ಕಳ ಹಾಲುಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆಹಲ್ಲು ಮೂಡುತ್ತದೆ. ಅದನ್ನೂ ಹಾಲುಹಲ್ಲೆಂದು ಬಗೆದು ಉಪೇಕ್ಷಿಸುವ ತಂದೆತಾಯಿಯರು ಅನೇಕರು. ಅದು ಹೋದರೆ ಮತ್ತೆ ಬಾರದು. ಆದುದರಿಂದ ನೋವಿಗಾಗಿ ಕಾಯದೆ, ಈ ರಜೆಯಲ್ಲಿಯೇ ಮಕ್ಕಳ ಹಲ್ಲುಗಳನ್ನು ವೈದ್ಯರಿಗೆ ತೋರಿಸುವುದು ಲೇಸು.