ದಸರಾ ವಸ್ತುಪ್ರದರ್ಶನದಲ್ಲಿ ಒಂದು ಸಂಜೆ

ಮೈಸೂರಿನ ದಸರೆಯನ್ನು ನಮ್ಮ ವಾಚಕರಲ್ಲಿ ಅನೇಕರು ಕಣ್ಣಾರೆ ಕಂಡಿರುವರು. ಆದರೆ ಜಂಬೂಸವಾರಿಯನ್ನು ನೋಡಿ, ದೀಪಾಲಂಕಾರಕ್ಕೆ ಬೆರಗಾಗಿ, ಮರುದಿನವೇ ಊರಿಗೆ ಹಿಂದಿರುಗುವವರೇ ಬಹುಮಂದಿ. ಅರಮನೆಯ ಎದುರಿನ ದೊಡ್ಡಕೆರೆ ಮೈದಾನದಲ್ಲಿ ನಡೆಯುವ ವಸ್ತುಪ್ರದರ್ಶನಕ್ಕೆ ಒಂದು ಸಂಜೆಯನ್ನಾದರೂ ಮೀಸಲಿಡದೆ ಹೋದವರು, ಪಾಯಸ ಬಡಿಸುವ ಮೊದಲೇ ಎಲೆಯಿಂದ ಎದ್ದವರೆಂದು ನಮ್ಮ ಭಾವನೆ. ವಿಜಯದಶಮಿಯು ಕಳೆದ ಮೇಲೂ ವಾರಗಟ್ಟಲೆ ಈ ಪ್ರದರ್ಶನವು ತೆರೆದಿರುವುದರಿಂದ, ಜನಜಂಗುಳಿಗೆ ಅಂಜುವವರು ನಿಧಾನವಾಗಿಯೇ ಹೋಗಬಹುದು.

ದಸರೆಯ ಉತ್ಸವವನ್ನು ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ 1610ರಲ್ಲಿ ಆರಂಭಿಸಿದರು. ವಸ್ತುಪ್ರದರ್ಶನವಾದರೋ ಬಹಳ ಈಚಿನದು. ಹತ್ತನೆಯ ಚಾಮರಾಜ ಒಡೆಯರವರ ಕಾಲದಲ್ಲಿ ಹುಟ್ಟಿದುದು. ಹಬ್ಬಕ್ಕೆಂದು ನಾಡಿನ ಮೂಲೆಮೂಲೆಗಳಿಂದ ಬಂದು ಸೇರುವ ಪ್ರಜೆಗಳಿಗೆ ಕಾಲಕಾಲದ ಹೊಸ ಉಪಕರಣಗಳನ್ನೂ ಕೈಗಾರಿಕೆಯ ವಸ್ತುಗಳನ್ನೂ ತೋರಿಸಿಕೊಡಬೇಕೆಂಬುದೇ ಅದರ ಉದ್ದೇಶವಾಗಿದ್ದಿತು. 'ಯಾತ್ರಾ' ಎಂಬ ಸಂಸ್ಕೃತ ಶಬ್ದವೇ ನಮ್ಮ ಬಾಯಲ್ಲಿ 'ಜಾತ್ರೆ'ಯಾಗಿದೆ. ಹೊರಟು ಹೋಗಿ ಕಾಣುವುದೇ ಅದರ ತಿರುಳು.

ನಾವು ಉಪಾಧ್ಯಾಯ ವೃತ್ತಿಯಲ್ಲಿದ್ದಾಗ ವರ್ಷವರ್ಷವೂ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆವು. ಸರ್ಕಾರದ ಇಲಾಖೆಗಳ ಮಳಿಗೆಗಳಲ್ಲಿ ಕಂಡುದನ್ನೆಲ್ಲ ಅವರು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಆಟದ ಯಂತ್ರಗಳ ಕಡೆಗೆ ತಿರುಗಿಯೂ ನೋಡಕೂಡದು ಎಂಬುದು ನಮ್ಮ ಕಟ್ಟಳೆ. ಮದುವೆಯಾದ ವರ್ಷ ನಮ್ಮ ಗೃಹಿಣಿಯು, ಜನರು ಜೈಂಟ್ ವೀಲ್ ಎಂದು ಕರೆಯುವ ದೊಡ್ಡ ತಿರುಗುತೊಟ್ಟಿಲಲ್ಲಿ ಕುಳಿತುಕೊಳ್ಳುವ ಆಸೆಯನ್ನು ತಿಳಿಸಿದಳು. "ಮೇಷ್ಟರ ಹೆಂಡತಿ ತೊಟ್ಟಿಲು ಹತ್ತಿದರೆ ಹುಡುಗರು ನಕ್ಕಾರು" ಎಂದುಬಿಟ್ಟೆವು. ಆಕೆ ಮತ್ತೆಂದೂ ಕೇಳಲಿಲ್ಲ. ನಮಗೆ ಎತ್ತರವೆಂದರೆ ಭಯ. ಅದನ್ನು ಘನತೆಯ ಹೊದಿಕೆಯಲ್ಲಿ 34 ವರ್ಷ ಮುಚ್ಚಿಟ್ಟಿದ್ದೆವು.

ಕಳೆದ ಕಾರ್ತಿಕದ ಒಂದು ಭಾನುವಾರ ಏಳು ವರ್ಷದ ಮೊಮ್ಮಗಳೊಡನೆ ನಾವಿಬ್ಬರೂ ಪ್ರದರ್ಶನಕ್ಕೆ ಹೋದೆವು. ಚನ್ನಪಟ್ಟಣದ ಬೊಂಬೆಗಳ ಮುಂದೆ ಮಗು ಕಾಲು ಕೀಳಲಿಲ್ಲ. ಹಾಲೆಮರದ ತುಂಡನ್ನು ಚರಕಿಗೆ ಸಿಕ್ಕಿಸಿ ತಿರುಗಿಸುತ್ತ, ಉಳಿಯಿಂದ ಕಡೆದು ರೂಪು ಕೊಟ್ಟು, ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿಹಿಡಿಯುವರು. ತಿಕ್ಕಾಟದ ಶಾಖಕ್ಕೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುವುದು. ಕುಂಚವಿಲ್ಲದೆ ಬಣ್ಣ ಬಂದುದೆಂತೆಂದು ನಾವು ವಿವರಿಸಲು, ಮಗುವು ತನ್ನ ಎರಡು ಅಂಗೈಗಳನ್ನು ಉಜ್ಜಿ, ಕೆನ್ನೆಗೆ ಒತ್ತಿಕೊಂಡು, "ಹೀಗೇ ಬಿಸಿಯಾಗುತ್ತಾ ತಾತ?" ಎಂದಿತು. ನಾವು ಎಷ್ಟೋ ತರಗತಿಗಳಿಗೆ ಘರ್ಷಣೆಯ ಪಾಠವನ್ನು ಹೇಳಿರುವೆವು. ಇಷ್ಟು ಬೇಗ ತಿಳಿದುಕೊಂಡವರನ್ನು ಕಾಣೆವು.

ರೇಷ್ಮೆಯ ಮಳಿಗೆಯಲ್ಲಿ ಗೃಹಿಣಿಯು ಸೀರೆಗಳನ್ನು ಮುಟ್ಟಿ ನೋಡಿ, ಬೆಲೆ ಕೇಳಿ, ಮಡಿಸಿಟ್ಟಳು. ಮೈಸೂರಿನ ರೇಷ್ಮೆ ನೇಯ್ಗೆಯ ಕಾರ್ಖಾನೆಯು 1912ರಲ್ಲಿಯೂ, ಗಂಧದೆಣ್ಣೆಯ ಕಾರ್ಖಾನೆಯು 1916ರಲ್ಲಿಯೂ ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ ಆರಂಭವಾದುವೆಂದು ನಾವು ಹೇಳುತ್ತಿದ್ದರೆ, ಅಜ್ಜಿ ಮೊಮ್ಮಗಳಿಬ್ಬರ ಗಮನವೂ ತಿಂಡಿಯ ಅಂಗಡಿಗಳ ಕಡೆಗಿದ್ದಿತು. ಊಟದ ತಟ್ಟೆಯನ್ನೂ ಮೀರಿಸುವ ದೆಹಲಿ ಹಪ್ಪಳಕ್ಕೆ ಖಾರದ ಪುಡಿ ಉದುರಿಸಿ ಕೊಟ್ಟರು. ಮೆಣಸಿನಕಾಯಿ ಬಜ್ಜಿಯನ್ನೂ ಬಿಡಲಿಲ್ಲ. ಇತಿಹಾಸವು ಅಲ್ಲಿಗೆ ನಿಂತಿತು.

ಬಳಿಕ ಮಗುವು ತಿರುಗುತೊಟ್ಟಿಲಿಗೆ ಹಟ ಹಿಡಿಯಿತು. ಗೃಹಿಣಿಯು ನಮ್ಮ ಮುಖವನ್ನೂ ನೋಡದೆ, "ನಾನು ಕೂತ್ಕೋತೀನಿ ರೀ, ನೀವು ಚೀಲ ಹಿಡಿದುಕೊಂಡು ಇಲ್ಲೇ ಇರಿ" ಎಂದಳು. ಆ ಮಾತಿನಲ್ಲಿ ಆಕ್ಷೇಪಣೆಯ ಲೇಶವೂ ಇರಲಿಲ್ಲ. ಆದುದರಿಂದಲೇ ಅದು ನಮ್ಮನ್ನು ನಾಟಿತು. ಮೂರು ಚೀಟಿಗಳನ್ನು ಕೊಂಡು, ಚೀಲದೊಡನೆ ನಾವೂ ಏರಿದೆವು.

ಮೊದಲನೆಯ ಸುತ್ತಿನಲ್ಲಿ ನಾವು ಕಣ್ಣು ತೆರೆಯಲಿಲ್ಲವೆಂಬುದನ್ನು ಒಪ್ಪಿಕೊಳ್ಳುವೆವು. "ಭಯವಾಗುತ್ತಿದೆ" ಎಂದು ಬಾಯಿ ಬಿಟ್ಟು ಹೇಳಿದೆವು. "ಅಂದೇ ಹೇಳಬಾರದಿತ್ತೇ?" ಎಂದು ಆಕೆ ನಮ್ಮ ಕೈಯನ್ನು ಹಿಡಿದುಕೊಂಡಳು. ತೊಟ್ಟಿಲು ಮೇಲ್ಗಡೆ ನಿಂತಿದ್ದಾಗ ಗಂಟೆ ಏಳಾಯಿತು. ಅರಮನೆಯ ಸುಮಾರು ಒಂದು ಲಕ್ಷ ದೀಪಗಳು ಒಮ್ಮೆಗೇ ಹೊತ್ತಿಕೊಂಡುವು. ಕೆಳಗೆ ಸಾವಿರಾರು ಕಂಠಗಳಿಂದ ಉದ್ಗಾರವೆದ್ದಿತು. ಆಚೆ ಚಾಮುಂಡಿಬೆಟ್ಟವು ಕತ್ತಲಲ್ಲಿ ದೀಪಗಳ ಸಾಲಿನೊಡನೆ ಕಾಣುತ್ತಿದ್ದಿತು. ಮಗುವು ಕೈತಟ್ಟಿತು. ಗೃಹಿಣಿಯು ಏನನ್ನೂ ಹೇಳಲಿಲ್ಲ.

ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ. ಬಿಸಿಲು ಇಳಿದ ಮೇಲೆ ಹೋಗಿರಿ. ಕುಡಿಯುವ ನೀರನ್ನು ಒಯ್ಯಿರಿ. ಮಕ್ಕಳ ಜೇಬಿನಲ್ಲಿ ಮನೆಯ ದೂರವಾಣಿ ಸಂಖ್ಯೆಯ ಚೀಟಿಯನ್ನಿಡಿರಿ. ಕಲಿಯತಕ್ಕ ಮಳಿಗೆಗಳನ್ನು ಮೊದಲು ನೋಡಿ, ಆಟಕ್ಕೂ ತಿಂಡಿಗೂ ಆಮೇಲೆ ಹೊತ್ತನ್ನು ಧಾರಾಳವಾಗಿ ಬಿಡಿರಿ. ಮನೆಯವರು ಹಿಂದೆಂದೋ ಕೇಳಿ ಸುಮ್ಮನಾದ ಸಣ್ಣ ಆಸೆಯೊಂದಿದ್ದರೆ, ಆ ಸಂಜೆ ಅದನ್ನು ಜ್ಞಾಪಿಸಿಕೊಳ್ಳಿರಿ. ನಮಗೆ ಬಹಳ ತಡವಾಯಿತು.