ಹೀಟರ್‌ಗೆ ಗುಳ್ಳೆ ಹತ್ತುವುದೇಕೆ?

ದೀಪಾವಳಿ ಕಳೆಯಿತೆಂದರೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆ ಬೆಳಗಿನ ಚಳಿ ಬಿಗಿಯುತ್ತದೆ. ಮನೆಯಲ್ಲಿ ಗಪ್ಪಿ, ಮೋಲಿ, ಫೈಟರ್ ಮೀನು ಸಾಕಿದವರು ಅಕ್ವೇರಿಯಂಗೆ ಹೀಟರ್ ಇಳಿಬಿಡುವ ಕಾಲವಿದು. ಹೊಸ ನೀರು ತುಂಬಿ ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆಲ್ಲ ಹೀಟರ್‌ನ ಗಾಜಿನ ಕೊಳವೆಗೆ ಸಣ್ಣ ಸಣ್ಣ ಗುಳ್ಳೆಗಳು ಒತ್ತೊತ್ತಾಗಿ ಹತ್ತಿಕೊಳ್ಳುತ್ತವೆ. ನೀರು ಕುದಿಯುತ್ತಿದೆಯೇ, ಕರೆಂಟ್ ಸೋರುತ್ತಿದೆಯೇ ಎಂದು ಗಾಬರಿಯಾಗುವವರು ಬಹಳ. ಸಾಮಾನ್ಯವಾಗಿ ಎರಡೂ ಅಲ್ಲ. ಅದು ನೀರಿನೊಳಗೆ ಕರಗಿದ್ದ ಗಾಳಿ.

ಬಚ್ಚಲ ಹಂಡೆಯಲ್ಲೂ ಇದೇ ಆಗುತ್ತದೆ. ನೀರು ಕುದಿಯಲು ಇನ್ನೂ ಬಹಳ ಹೊತ್ತಿರುವಾಗಲೇ ಹಂಡೆಯ ಒಳಮೈಗೆ ಗುಳ್ಳೆ ಕೂರುತ್ತದೆ. ಅದರಲ್ಲಿರುವುದು ಬಹುಪಾಲು ಸಾರಜನಕ ಮತ್ತು ಆಮ್ಲಜನಕ.

ತಣ್ಣೀರಿಗೆ ಗಾಳಿಯನ್ನು ಹಿಡಿದಿಡುವ ಶಕ್ತಿ ಹೆಚ್ಚು. ನೀರು ಬೆಚ್ಚಗಾದಂತೆ ಹಿಡಿತ ಸಡಿಲವಾಗುತ್ತದೆ. ಸಮುದ್ರಮಟ್ಟದ ಲೆಕ್ಕದಲ್ಲಿ 15 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 10 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 26 ಡಿಗ್ರಿಯಲ್ಲಿ ಹಿಡಿಯುವುದು ಸುಮಾರು 8 ಮಾತ್ರ. ಘಟ್ಟದ ಮೇಲಿನ ನಮ್ಮ ಊರುಗಳಲ್ಲಿ ಗಾಳಿಯ ಒತ್ತಡ ತುಸು ಕಡಿಮೆ, ಹಾಗಾಗಿ ಈ ಅಂಕಿಗಳೂ ತುಸು ಕಡಿಮೆ. 50 ಲೀಟರ್ ತೊಟ್ಟಿಯನ್ನು ತಣ್ಣೀರಿನಿಂದ ತುಂಬಿ ಬಿಸಿ ಮಾಡಿದರೆ ಹೆಚ್ಚಾಗಿ ಉಳಿಯುವ ಆಮ್ಲಜನಕವೊಂದೇ ಸುಮಾರು 70 ಮಿಲಿಲೀಟರ್. ಸಾರಜನಕ ಅದಕ್ಕಿಂತಲೂ ಹೆಚ್ಚು. ಇದರಲ್ಲಿ ಬಹಳಷ್ಟು ಮೇಲ್ಮೈಯಿಂದ ಸದ್ದಿಲ್ಲದೆ ಹೊರಹೋಗುತ್ತದೆ, ಉಳಿದದ್ದು ಗುಳ್ಳೆಯಾಗಿ ಕಾಣಿಸುತ್ತದೆ.

ಹೀಟರ್ ಮೈಮೇಲೆಯೇ ಏಕೆ? ತೊಟ್ಟಿಯಲ್ಲಿ ಅತಿ ಬಿಸಿ ಇರುವ ಜಾಗವೇ ಅದು. ತೊಟ್ಟಿಯ ನೀರು 22 ಡಿಗ್ರಿ ಇದ್ದರೂ ಕೊಳವೆಗೆ ತಾಗಿದ ತೆಳ್ಳನೆಯ ಪದರ ಅದಕ್ಕಿಂತ ಬಿಸಿಯಾಗಿರುತ್ತದೆ. ಜೊತೆಗೆ ಗುಳ್ಳೆ ಹುಟ್ಟಲು ಒಂದು ನೆಲೆ ಬೇಕು. ಗಾಜಿನ ಮೇಲಿನ ಸೂಕ್ಷ್ಮ ಗೀರು, ಬೋರ್‌ವೆಲ್ ನೀರು ಬಿಟ್ಟುಹೋದ ಬಿಳಿ ಸುಣ್ಣದ ಕಲೆ, ಇಂಥಲ್ಲಿ ಸಿಕ್ಕಿಕೊಂಡ ಚೂರು ಗಾಳಿಯ ಸುತ್ತ ಗುಳ್ಳೆ ಬೆಳೆದು, ದೊಡ್ಡದಾದಾಗ ಕಳಚಿ ಮೇಲೇರುತ್ತದೆ. ಹೆಚ್ಚುವರಿ ಗಾಳಿ ತೀರಿದ ಮೇಲೆ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ, ಗುಳ್ಳೆ ನಿಲ್ಲುತ್ತದೆ. ನೀರು ಬದಲಿಸಿದಾಗ ಮತ್ತೆ ಶುರು.

ಗುಳ್ಳೆಯಿಂದ ಹೀಟರ್‌ಗೆ ಏನೂ ತೊಂದರೆಯಿಲ್ಲ. ನಾವು ಯೋಚಿಸಬೇಕಾದದ್ದು ಮೀನಿನ ಬಗ್ಗೆ. ಒತ್ತಡದಲ್ಲಿ ಬರುವ ತಣ್ಣನೆಯ ನಲ್ಲಿ ನೀರನ್ನು ನೇರ ತೊಟ್ಟಿಗೆ ತುಂಬಿ ಬೇಗ ಬಿಸಿ ಮಾಡಿದರೆ ನೀರಿನಲ್ಲಿ ಅನಿಲ ಅತಿಯಾಗುತ್ತದೆ. ಅದು ಮೀನಿನ ರಕ್ತದಲ್ಲೇ ಗುಳ್ಳೆ ಕಟ್ಟಬಹುದು. ರೆಕ್ಕೆಯಲ್ಲಿ, ಕಣ್ಣಿನ ಸುತ್ತ ಗುಳ್ಳೆ ಕಂಡರೆ ಅದೇ ಲಕ್ಷಣ, ಮೀನು ಸಾಯಲೂಬಹುದು. ಆದ್ದರಿಂದ ನೀರನ್ನು ಹಿಂದಿನ ದಿನವೇ ಬಕೆಟ್‌ನಲ್ಲಿ ಹಿಡಿದಿಟ್ಟು, ಕಲಕಿ, ಮರುದಿನ ಸ್ವಲ್ಪಸ್ವಲ್ಪವಾಗಿ ಹಾಕಿ.

ಇನ್ನೊಂದು ಮಾತು. ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ಕಡಿಮೆ, ಮೀನಿಗೆ ಬೇಕಾಗುವುದು ಹೆಚ್ಚು. ಗಣೇಶಗುಡಿಯಲ್ಲಿ, ಸೂಪಾ ಅಣೆಕಟ್ಟಿನ ಕೆಳಗೆ, ಕಾಳಿ ನದಿ ಬಂಡೆಗೆ ಬಡಿದು ನೊರೆಯೆದ್ದು ಹರಿಯುವಾಗ ಗಾಳಿಯನ್ನು ತಾನೇ ಬೆರೆಸಿಕೊಳ್ಳುತ್ತದೆ. ಗಾಜಿನೊಳಗೆ ನಿಂತ ನೀರಿಗೆ ಆ ಭಾಗ್ಯವಿಲ್ಲ. ಹೀಟರ್ ಹಾಕಿದ ತೊಟ್ಟಿಗೆ ಏರ್ ಪಂಪ್ ಇರಲಿ. ಅದು ಮೇಲ್ಮೈಯನ್ನು ಕಲಕಿ, ಹೆಚ್ಚಾದ ಅನಿಲವನ್ನು ಹೊರಗೆ ಬಿಟ್ಟು ಆಮ್ಲಜನಕವನ್ನು ಒಳಗೆ ತರುತ್ತದೆ.

ಹೀಟರ್‌ನ ಮೈತುಂಬ ಹರಡಿದ ಗುಳ್ಳೆಗೆ ಹೆದರಬೇಡಿ. ಆದರೆ ಒಂದೇ ಬಿರುಕಿನಿಂದ ಸಾಲಾಗಿ ಗುಳ್ಳೆ ಬರುತ್ತಿದ್ದರೆ, ಅಥವಾ ಕೊಳವೆಯ ಒಳಗೆ ನೀರಿನ ಹನಿ ಕಂಡರೆ, ಹೀಟರ್ ಒಡೆದಿದೆ ಎಂದೇ ತಿಳಿಯಿರಿ. ಮೊದಲು ಪ್ಲಗ್ ಕಿತ್ತು, ಆಮೇಲೆಯೇ ನೀರಿಗೆ ಕೈ ಹಾಕಿ. ಅಂಥ ಹೀಟರ್ ಅನ್ನು ರಿಪೇರಿ ಮಾಡಿಸಬೇಡಿ, ಹೊಸದು ತನ್ನಿ.